ತಾಯಿ ಕಾರ್ಡ್ ಬರುವ ಮೊದಲು

(ಉಡುಪಿ ಹತ್ತಿರದ ಒಂದು ಮಹಿಳಾ ಮಂಡಲದಲ್ಲಿ ಆಡಿದ ಮಾತು. ಬಂದವರು “ಬರೆದು ಕೊಡಿ ಸಿಸ್ಟರ್” ಎಂದರು. ಅಲ್ಲಿ ಗಡಿಬಿಡಿಯಲ್ಲಿ ಬಿಟ್ಟುಹೋದ ಕೆಲವು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದೆ ಕೂತ ಹೊಸ ಸೊಸೆಯಂದಿರಿಗೆ, ಹಿಂದೆ ಕೂತ ಅತ್ತೆಯಂದಿರಿಗೆ, ಬಾಗಿಲ ಹತ್ತಿರ ನಿಂತಿರುವ ಗಂಡಸರಿಗೂ. ನೀವೂ ಒಳಗೆ ಬನ್ನಿ, ಕೂತುಕೊಳ್ಳಿ. ಇವತ್ತಿನ ಮಾತಿನಲ್ಲಿ ಅರ್ಧ ನಿಮಗೇ ಇದೆ.

ನಾನು ಆರೋಗ್ಯ ಸಹಾಯಕಿಯಾಗಿ ಮೂವತ್ತು ವರ್ಷಕ್ಕೂ ಜಾಸ್ತಿ ಮನೆಮನೆ ತಿರುಗಿದವಳು. ಬಸುರಿಯ ಮನೆಗೆ ಹೋದರೆ ಕೇಳುವುದು ಒಂದೇ. “ಸಿಸ್ಟರ್, ಏನು ತಿನ್ನಬೇಕು, ಏನು ತಿನ್ನಬಾರದು?” ಪಪ್ಪಾಯಿ ಆಗುತ್ತದಾ, ಅನಾನಸು ಆಗುತ್ತದಾ, ಎಳ್ಳು ಉಷ್ಣ ಅಲ್ವಾ. ಬಚ್ಚಲ ಒಲೆಯ ಹೊಗೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಮಲಗುವ ಕೋಣೆಯಲ್ಲಿ ಇಟ್ಟ ಹೊಗೆಸೊಪ್ಪಿನ ಕಟ್ಟಿನ ಬಗ್ಗೆ ಕೇಳಲಿಲ್ಲ. ಬಯಕೆ ಊಟಕ್ಕೆ ನೆಂಟರು ಬರುತ್ತಾರೆ ಅಂತ ಗೋಡೆ ಉಜ್ಜಿ ಪೇಂಟ್ ಹೊಡೆಸುವ ಬಗ್ಗೆಯೂ ಕೇಳಲಿಲ್ಲ. ಅದು ಅವರ ತಪ್ಪಲ್ಲ. ನಾನೂ ಎಷ್ಟೋ ವರ್ಷ ಹೇಳಲಿಲ್ಲ. ತೂಕ ನೋಡುತ್ತಿದ್ದೆ, ಬಿಪಿ ನೋಡುತ್ತಿದ್ದೆ, ಹಿಮೋಗ್ಲೋಬಿನ್ ಬರೆಯುತ್ತಿದ್ದೆ. ಅವಳು ದಿನವಿಡೀ ಉಸಿರಾಡುವ ಗಾಳಿ ಯಾವ ಪುಸ್ತಕದಲ್ಲೂ ಬರೆಯುವ ವಿಷಯ ಆಗಿರಲಿಲ್ಲ.

ಮೊದಲು ಒಂದು ಲೆಕ್ಕ ಹೇಳುತ್ತೇನೆ. ಬಸುರಿ ಅಂತ ಹೆಸರು ನೋಂದಾಯಿಸಿದಾಗ ಕೊಡುವ ತಾಯಿ ಕಾರ್ಡ್ ಕೈಗೆ ಬರುವುದು ಯಾವಾಗ? ಮುಟ್ಟು ನಿಂತು, ಒಂದೆರಡು ವಾರ ಕಾದು, ಪರೀಕ್ಷೆ ಮಾಡಿ, ಮನೆಯಲ್ಲಿ ಹೇಳಿ, ಆಮೇಲೆ ಆಶಾ ಕಾರ್ಯಕರ್ತೆಗೆ ಗೊತ್ತಾಗಬೇಕು. 12 ವಾರದೊಳಗೆ ನೋಂದಣಿ ಆಯಿತು ಅಂದರೆ ಬೇಗ ಆಯಿತು ಅಂತ ನಮಗೆ ಖುಷಿ. ಆದರೆ ಮಗುವಿನ ಮೆದುಳು ಮತ್ತು ಬೆನ್ನುಹುರಿ ಬೆಳೆಯುವ ನಳಿಕೆ ಗರ್ಭ ಕಟ್ಟಿದ 28 ದಿನದ ಹೊತ್ತಿಗೇ ಮುಚ್ಚಿ ಆಗಿರುತ್ತದೆ. ಎಂಟು ವಾರ ಆಗುವಾಗ ಹೃದಯ, ಕೈಕಾಲು, ಕಣ್ಣು, ಕಿವಿ ಎಲ್ಲದರ ಅಡಿಪಾಯ ಬಿದ್ದಿರುತ್ತದೆ. ಅಷ್ಟರಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ತಾನು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ ಫೋಲಿಕ್ ಆಸಿಡ್ ಮಾತ್ರೆ, ದಿನಕ್ಕೆ 400 ಮೈಕ್ರೋಗ್ರಾಂ, ಮಗು ಬೇಕು ಅಂದುಕೊಂಡ ತಿಂಗಳಿಂದಲೇ ಶುರು ಮಾಡಿ ಅನ್ನುವುದು.

ಗಂಡಸರ ಲೆಕ್ಕವೂ ಇದೆ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ಇವತ್ತು ಸೇದಿದ ಸಿಗರೇಟು, ಇವತ್ತು ಕೈಗೆ ಹತ್ತಿದ ಕೀಟನಾಶಕ, ಎರಡೂವರೆ ತಿಂಗಳ ನಂತರ ಕಟ್ಟುವ ಗರ್ಭದ ಲೆಕ್ಕಕ್ಕೆ ಸೇರುತ್ತದೆ.

ಇನ್ನೊಂದು ವಿಷಯ ನನಗೆ ತುಂಬ ತಡವಾಗಿ ಅರ್ಥ ಆಯಿತು. ವಿಷಗಳೆಲ್ಲ ಒಂದೇ ಥರ ಅಲ್ಲ. ಕೆಲವು ಒಂದೆರಡು ದಿನದಲ್ಲಿ ಮೈಯಿಂದ ಹೋಗುತ್ತವೆ. ಕೆಲವು ತಿಂಗಳುಗಟ್ಟಲೆ ಇರುತ್ತವೆ. ಕೆಲವು ನಾವು ಸಣ್ಣ ಹುಡುಗಿಯಾಗಿದ್ದಾಗ ಒಳಗೆ ಹೋಗಿ, ನಮ್ಮ ಬಾಣಂತನದವರೆಗೂ ಎಲುಬಿನಲ್ಲಿ ಕೂತಿರುತ್ತವೆ. ಒಂದೊಂದಕ್ಕೂ ಒಂದೊಂದು ಪಂಚಾಂಗ. ಯಾವುದನ್ನು ಎಷ್ಟು ಮೊದಲು ನಿಲ್ಲಿಸಬೇಕು ಅಂತ ಆ ಪಂಚಾಂಗ ನೋಡಿಯೇ ತಿಳಿಯಬೇಕು.

ಬಚ್ಚಲಿನಿಂದ ಶುರು ಮಾಡೋಣ. ನಮ್ಮ ಕಡೆ ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲ ಆಯಿತು. ಆದರೆ ಹಂಡೆ ನೀರು ಇನ್ನೂ ಸೌದೆಯಲ್ಲೇ ಕಾಯುತ್ತದೆ. ತೋಟದಲ್ಲಿ ಮಡಲು, ಕೊತ್ತಳಿಗೆ, ಸಿಪ್ಪೆ, ಗೆರಟೆ ಸುಮ್ನೆ ಬಿದ್ದಿರುವಾಗ ಗ್ಯಾಸ್ ಯಾಕೆ ಸುಡುವುದು ಅಂತ ಯಾರಿಗಾದರೂ ಅನಿಸುತ್ತದೆ. ಬೇಸಿಗೆಯಲ್ಲಿ ಪರವಾಗಿಲ್ಲ. ಆಟಿ ತಿಂಗಳಲ್ಲಿ ಸೌದೆ ಒದ್ದೆ. ಊದಿ ಊದಿ ಕಣ್ಣು ಕೆಂಪಾದರೂ ಬೆಂಕಿ ಹೊತ್ತುವುದಿಲ್ಲ. ಆಗ ಕೈಗೆ ಬರುವುದು ಹಾಲಿನ ತೊಟ್ಟೆ. ಒಂದು ಪ್ಲಾಸ್ಟಿಕ್ ತೊಟ್ಟೆ ಹಾಕಿದರೆ ಭಗ್ಗೆಂದು ಹೊತ್ತುತ್ತದೆ. ನಾನೂ ಹೊಸದಾಗಿ ಮದುವೆಯಾದಾಗ ಹಾಗೇ ಹೊತ್ತಿಸುತ್ತಿದ್ದೆ. ನನ್ನ ಅತ್ತೆಯವರೇ ಹೇಳಿಕೊಟ್ಟದ್ದು. ನನ್ನ ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗಲೂ ಆ ಒಲೆಯ ಮುಂದೆ ನಾನೇ ಕೂತಿದ್ದೆ.

ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಗಾಳಿ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಬೇರೆಯವರು ಕೂತ ಹಾಗೆ. ಹತ್ತಬೇಕಾದವರಿಗೆ ಜಾಗ ಇಲ್ಲ. ತಾಯಿಯ ರಕ್ತದಿಂದ ಕೆಲವು ಗಂಟೆಯಲ್ಲಿ ಇಳಿಯುತ್ತದೆ, ಆದರೆ ಮಗುವಿನ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ದಿನಾ ಬೆಳಿಗ್ಗೆ ಸಂಜೆ ಒಲೆ ಊದಿದರೆ ಆ ಮಗುವಿಗೆ ಬಿಡುವು ಎಲ್ಲಿ? ಇದರ ಜೊತೆಗೆ ಸಣ್ಣ ಮಸಿಯ ಕಣ. ಸೌದೆ ಹೊಗೆ ಜಾಸ್ತಿ ಇರುವ ಮನೆಗಳಲ್ಲಿ ಮಗು ಕಡಿಮೆ ತೂಕದಲ್ಲಿ ಹುಟ್ಟುವುದು ಜಾಸ್ತಿ ಅಂತ ಬೇರೆ ಬೇರೆ ದೇಶಗಳಲ್ಲಿ ನೋಡಿದ್ದಾರೆ.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ನಮ್ಮ ಪಕ್ಕದ ತಮಿಳುನಾಡೂ ಸೇರಿ ನಾಲ್ಕು ದೇಶಗಳಲ್ಲಿ ಸುಮಾರು 3200 ಬಸುರಿಯರ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅರ್ಧ ಮನೆಗೆ ಗ್ಯಾಸ್ ಕೊಟ್ಟರು, ಅರ್ಧ ಮನೆ ಸೌದೆಯಲ್ಲೇ ಮುಂದುವರಿಯಿತು. 2022ರಲ್ಲಿ ಫಲಿತಾಂಶ ಬಂತು. ಗ್ಯಾಸ್ ಬಂದ ಮನೆಯಲ್ಲಿ ಹೊಗೆ ಚೆನ್ನಾಗಿ ಇಳಿದಿತ್ತು. ಆದರೆ ಮಗುವಿನ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಇದನ್ನು ಓದಿದಾಗ ನನಗೆ ಬೇಸರವೇ ಆಯಿತು. ಆಮೇಲೆ ಗಮನಿಸಿದೆ. ಆ ಹೆಂಗಸರನ್ನು ಸೇರಿಸಿಕೊಂಡದ್ದು 9 ವಾರದಿಂದ 20 ವಾರದ ನಡುವೆ. ಅಂದರೆ ಗ್ಯಾಸ್ ಒಲೆ ಬರುವಾಗ ಮಗುವಿನ ಅಂಗಾಂಗ ಆಗಿಹೋಗಿತ್ತು. ಮೊದಲೇ ಕೊಟ್ಟಿದ್ದರೆ ಬೇರೆ ಆಗುತ್ತಿತ್ತು ಅಂತ ಆ ಪ್ರಯೋಗ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಬಸುರಾದ ಮೇಲೆ ಒಲೆ ಬದಲಿಸಿದರೆ ಸಾಕು ಅಂತ ಕಾದು ಕೂರಲು ನನ್ನ ಮನಸ್ಸು ಒಪ್ಪುವುದಿಲ್ಲ.

ತೊಟ್ಟೆಯ ವಿಷಯಕ್ಕೆ ಬರುತ್ತೇನೆ. ಒಲೆ ಹೊತ್ತಿಸುವಾಗ ಅದು ಯಾವ ಪ್ಲಾಸ್ಟಿಕ್ ಅಂತ ಯಾರೂ ನೋಡುವುದಿಲ್ಲ. ಹಾಲಿನ ತೊಟ್ಟೆಯ ಜೊತೆ ತುಂಡು ವೈರ್, ಹಳೆಯ ಪೈಪಿನ ಚೂರು, ಹರಿದ ಚಪ್ಪಲಿ ಎಲ್ಲ ಹೋಗುತ್ತದೆ. ಪೈಪು, ವೈರಿನಲ್ಲಿ ಇರುವ ಪಿವಿಸಿ ಎಂಬ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಮೈಯ ಕೊಬ್ಬಿನಲ್ಲಿ ಸೇರಿದರೆ ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು. ಅಂದರೆ ಇದು ಬಸುರಿಯೊಬ್ಬಳ ಮಾತಲ್ಲ. ಆ ಮನೆಯಲ್ಲಿ ಈಗ ಆಡುತ್ತಿರುವ ಆರು ವರ್ಷದ ಹುಡುಗಿಯ ಮಾತೂ ಹೌದು. ಒಣ ಸೋಗೆ, ಗೆರಟೆಯ ಚೂರು ಮಳೆಗಾಲಕ್ಕೆ ಮೊದಲೇ ಗೋಣಿಯಲ್ಲಿ ಕಟ್ಟಿಡಿ. ಬಚ್ಚಲಿಗೆ ಹೊಗೆ ಹೋಗುವ ಕೊಳವೆ ಇಡಿಸಿ. ಮಗು ಬೇಕು ಅಂದುಕೊಂಡ ಹೆಣ್ಣು ಆ ಒಲೆಯ ಮುಂದೆ ಕೂರುವುದು ಬೇಡ. ಮನೆಯಲ್ಲಿ ಬೇರೆ ಯಾರಾದರೂ ಹೊತ್ತಿಸಲಿ. ಗಂಡಸರ ಕೈಯಲ್ಲೂ ಬೆಂಕಿ ಹೊತ್ತುತ್ತದೆ.

ಈಗ ಬೀಡಿ. ಇದನ್ನು ಹೇಳಲು ನನಗೆ ಕಷ್ಟ, ಯಾಕೆಂದರೆ ಈ ಸಭೆಯಲ್ಲಿ ಕೂತವರಲ್ಲಿ ಎಷ್ಟೋ ಜನರ ಮಕ್ಕಳ ಶಾಲೆ ಫೀಸು ಬೀಡಿಯಿಂದ ಹೋಗಿದೆ. ದಕ್ಷಿಣ ಕನ್ನಡ, ಉಡುಪಿಯ ಹೆಂಗಸರು ಸಂಸಾರ ಎತ್ತಿ ನಿಲ್ಲಿಸಿದ್ದೇ ಈ ಕೆಲಸದಲ್ಲಿ. ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿ ಎಲೆ, ಹೊಗೆಸೊಪ್ಪು, ನೂಲು ತರುವುದು. ಎಲೆ ನೆನೆಸಿ ಕತ್ತರಿಸುವುದು. ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ಸುತ್ತುವುದು. ಸಂಬಳ ಸಾವಿರ ಬೀಡಿಯ ಲೆಕ್ಕದಲ್ಲಿ. ಆ ತಡ್ಪೆ ಇರುವುದು ಎಲ್ಲಿ ಅಂತ ಒಮ್ಮೆ ಯೋಚಿಸಿ. ಐದು ತಿಂಗಳ ಬಸುರಿಯ ಹೊಟ್ಟೆಗೆ ತಾಗಿಕೊಂಡೇ ಇರುತ್ತದೆ.

ಸೇದಿದರೆ ಮಾತ್ರ ನಿಕೋಟಿನ್ ಒಳಗೆ ಹೋಗುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಹಾಗಲ್ಲ. ಒದ್ದೆ ಕೈಯ ಚರ್ಮದಿಂದ ಹೋಗುತ್ತದೆ, ಧೂಳಿನ ಜೊತೆ ಮೂಗಿನಿಂದ ಹೋಗುತ್ತದೆ. ತೊಳೆಯದ ಕೈಯಲ್ಲಿ ಚಾಯದ ಜೊತೆ ರೊಟ್ಟಿ ತಿಂದರೆ ಬಾಯಿಂದಲೂ ಹೋಗುತ್ತದೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಮಾಸು ದಾಟಿ ಮಗುವಿನ ಹತ್ತಿರವೂ ಹೋಗುತ್ತದೆ. ಆದರೆ ಇದರ ಪಂಚಾಂಗದಲ್ಲಿ ಒಂದು ಒಳ್ಳೆಯ ವಿಷಯ ಇದೆ. ಮುಟ್ಟುವುದು ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ನಿಕೋಟಿನ್ ಹೆಚ್ಚುಕಡಿಮೆ ಪೂರ್ತಿ ಹೊರಗೆ ಹೋಗುತ್ತದೆ. ಅಷ್ಟು ಬೇಗ ಫಲ ಕೊಡುವ ಕೆಲಸ ಬೇರೆ ಕಡಿಮೆ.

ಬೀಡಿ ಬಿಟ್ಟುಬಿಡಿ ಅಂತ ಸುಮ್ನೆ ಹೇಳಿ ಹೋಗಲು ನಾನು ಬಂದಿಲ್ಲ. ಬಿಡಲು ಆಗುವವರು, ಮಗು ಬೇಕು ಅಂದುಕೊಂಡ ತಿಂಗಳಿಂದ ಬಾಣಂತನ ಮುಗಿಯುವವರೆಗೆ ಬಿಡಿ. ಮನೆಯವರು ಆ ಸಂಬಳದ ಕೊರತೆ ಹಂಚಿಕೊಳ್ಳಿ. ಆಗದವರು ಜಗಲಿಯಲ್ಲಿ, ಗಾಳಿಗೆ ಕೂತು ಕಟ್ಟಿ. ಹೊಗೆಸೊಪ್ಪು ಮಲಗುವ ಕೋಣೆಗೆ ಬೇಡ. ಕಟ್ಟುವಾಗ ಉಡುವ ಬಟ್ಟೆ ಬೇರೆ ಇರಲಿ. ತಿನ್ನುವ ಮೊದಲು ಸೋಪು ಹಾಕಿ ಮೊಣಕೈವರೆಗೆ ತೊಳೆಯಿರಿ. ಹಾಗೆಯೇ ಪಕ್ಕದಲ್ಲಿ ಕೂತು ಬೀಡಿ ಸೇದುವ ಗಂಡ, ಮಾವ, ಮೈದುನ ಇದ್ದರೆ ಅವರು ಅಂಗಳ ದಾಟಿ ಹೋಗಿ ಸೇದಬೇಕು. ಬಿಟ್ಟರೆ ಇನ್ನೂ ಒಳ್ಳೆಯದು. ಎಲೆಅಡಿಕೆಯ ಮಾತು ಬಂದರೆ ಅಡಿಕೆ ಬೆಳೆಗಾರರಿಗೆ ಸಿಟ್ಟು ಬರುತ್ತದೆ. ಆದರೂ ಬಸುರಿ ಅಡಿಕೆ ಜಗಿಯುವುದು ಬೇಡ, ಹೊಗೆಸೊಪ್ಪು ಇಲ್ಲದಿದ್ದರೂ ಬೇಡ.

ಸೀಸದ ಪಂಚಾಂಗ ಎಲ್ಲಕ್ಕಿಂತ ಉದ್ದ. ದೇಹಕ್ಕೆ ಸೀಸವನ್ನೂ ಕ್ಯಾಲ್ಸಿಯಂಅನ್ನೂ ಬೇರೆ ಮಾಡಿ ನೋಡಲು ಬರುವುದಿಲ್ಲ. ಹಾಗಾಗಿ ಅದನ್ನು ಎಲುಬಿನಲ್ಲಿ ಕೂಡಿಡುತ್ತದೆ, ಹತ್ತಾರು ವರ್ಷ. ನಮ್ಮ ದೇಶದಲ್ಲಿ ಸೀಸ ಇರುವ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೆ ಮೊದಲು ಹೆದ್ದಾರಿ ಪಕ್ಕ ಬೆಳೆದ ಹುಡುಗಿಯ ಎಲುಬಿನಲ್ಲಿ ಆ ಕಾಲದ ಸೀಸ ಇನ್ನೂ ಇರಬಹುದು. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಅದರ ಎಲುಬಿಗೆ ಕ್ಯಾಲ್ಸಿಯಂ ಬೇಕು. ಊಟದಲ್ಲಿ ಸಾಲದಿದ್ದರೆ ತಾಯಿಯ ಎಲುಬು ಕರಗಿ ಕೊಡುತ್ತದೆ. ಕ್ಯಾಲ್ಸಿಯಂ ಜೊತೆ ಸೀಸವೂ ಹೊರಬರುತ್ತದೆ. ಮಗುವಿನ ಮೆದುಳಿಗೆ ಇಷ್ಟು ಸೀಸ ಆದರೆ ತೊಂದರೆ ಇಲ್ಲ ಎನ್ನುವ ಪ್ರಮಾಣವೇ ಇಲ್ಲ. ಅದಕ್ಕೇ ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಮೇಜಿನ ಡ್ರಾಯರಿಗೆ ಹಾಕಬೇಡಿ. ರಾಗಿ, ಹಾಲು, ಮೊಸರು, ಮುಳ್ಳು ಸಮೇತ ಬೇಯಿಸಿದ ಸಣ್ಣ ಮೀನು ಬೇಕು. ಕಬ್ಬಿಣದ ಮಾತ್ರೆಯೂ ಹಾಗೇ. ರಕ್ತ ಕಡಿಮೆ ಇರುವವರ ಕರುಳು ಸೀಸವನ್ನು ಜಾಸ್ತಿ ಎಳೆದುಕೊಳ್ಳುತ್ತದೆ.

ಹೊಸ ಸೀಸ ಎಲ್ಲಿಂದ ಬರುತ್ತದೆ? ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ದಾಟಬಾರದು ಅಂತ 2016ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಅದು ಹೊಸ ಡಬ್ಬಕ್ಕೆ. ಹಳೆಯ ಮನೆಯ ಬಾಗಿಲು, ಕಿಟಕಿ ಸರಳಿನಲ್ಲಿ ಪದರ ಪದರ ಇರುವ ಪೇಂಟಿಗೆ ಆ ನಿಯಮ ತಿಳಿದಿಲ್ಲ. ಬಯಕೆಗೆ ಅಂತ ಅದನ್ನು ಮರಳು ಕಾಗದದಲ್ಲಿ ಉಜ್ಜಿದರೆ ಧೂಳು ಇಡೀ ಮನೆ ತುಂಬುತ್ತದೆ. ಅಕ್ಕಿ ಮುಡಿ ಮೇಲೆ, ಹಾಸಿಗೆ ಮೇಲೆ, ನೆಲದ ಮೇಲೆ. ಪೇಂಟ್ ಮಾಡಿಸುವುದಿದ್ದರೆ ಮದುವೆಗೇ ಮಾಡಿಸಿ ಮುಗಿಸಿ. ಬಯಕೆಗೆ ಮಾವಿನ ಎಲೆ ತೋರಣ, ಮಲ್ಲಿಗೆ ಸಾಕು. ಶಂಕರಪುರದ ಮಲ್ಲಿಗೆ ಇರುವ ಊರಿನವರಿಗೆ ಗೋಡೆಯ ಬಣ್ಣ ಯಾಕೆ?

ಅರಿಶಿನದ ಒಂದು ಕಥೆ ಇದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬಸುರಿಯರ ರಕ್ತದಲ್ಲಿ ಸೀಸ ಜಾಸ್ತಿ ಕಂಡುಬಂತು. ಹತ್ತಿರ ಕಾರ್ಖಾನೆ ಇಲ್ಲ, ಪೇಂಟ್ ಇಲ್ಲ. ಹುಡುಕುತ್ತಾ ಹೋದರೆ ಸಿಕ್ಕಿದ್ದು ಅಡುಗೆಮನೆಯ ಅರಿಶಿನ. ಬಣ್ಣ ಚೆನ್ನಾಗಿ ಕಾಣಲಿ ಅಂತ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುತ್ತಿದ್ದರು. 2019ರಲ್ಲಿ ಪೇಟೆಯ ಅರಿಶಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಇತ್ತು. ಜನರಿಗೆ ತಿಳಿಸಿದರು, ಸರ್ಕಾರ ಮಾರುಕಟ್ಟೆಗೆ ನುಗ್ಗಿ ದಂಡ ಹಾಕಿತು. 2021ರಲ್ಲಿ ಒಂದರಲ್ಲೂ ಇರಲಿಲ್ಲ. ಎರಡೇ ವರ್ಷ! ನನಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಾವು ಅರಿಶಿನದ ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಕೊಳ್ಳಬಹುದು. ತೀರಾ ಹೊಳೆಯುವ ಹಳದಿ ಕೊಂಬು ಬೇಡ. ಕಣ್ಣಿಗೆ ಹಚ್ಚುವ ಸುರ್ಮಾದಲ್ಲೂ ಸೀಸ ಇರುತ್ತದೆ, ಕೆಲವು ಬಗೆಯಲ್ಲಿ ಬಹುತೇಕ ಅದೇ. ಬಸುರಿಗೂ ಬೇಡ, ಮಗುವಿಗಂತೂ ಬೇಡವೇ ಬೇಡ.

ಮೀನಿನ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡುತ್ತೇನೆ. ಮೊನ್ನೆ ಒಬ್ಬಳು ಹುಡುಗಿ ಮೊಬೈಲಿನಲ್ಲಿ ಏನೋ ನೋಡಿ, ಮೀನಿನಲ್ಲಿ ಪಾದರಸ ಇದೆ ಅಂತ ಮೂರು ತಿಂಗಳಿಂದ ಮೀನು ಮುಟ್ಟಿಲ್ಲ ಎಂದಳು. ಮಲ್ಪೆಯಲ್ಲಿ ಹುಟ್ಟಿದ ಹುಡುಗಿ! ನನಗೆ ಅಳು ಬಂತು.

ಪಾದರಸದ ಭಯ ಸುಳ್ಳಲ್ಲ. ಜಪಾನಿನ ಮಿನಮಾಟ ಎಂಬ ಊರಿನಲ್ಲಿ ಕಾರ್ಖಾನೆಯೊಂದು ಪಾದರಸ ಇರುವ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. 1956ರಲ್ಲಿ ಕಾಯಿಲೆ ಬೆಳಕಿಗೆ ಬಂತು. ಅಲ್ಲಿಯ ಮೀನು ತಿಂದ ಕೆಲವು ತಾಯಂದಿರು ನೋಡಲು ಆರಾಮಾಗಿದ್ದರು, ಅವರ ಮಕ್ಕಳ ಮೆದುಳಿಗೆ ಮಾತ್ರ ದೊಡ್ಡ ಪೆಟ್ಟು ಬಿದ್ದಿತ್ತು. ಮಾಸು ಮಗುವನ್ನು ಕಾಯುತ್ತದೆ ಎಂಬ ನಂಬಿಕೆ ಅಲ್ಲಿ ಮುರಿಯಿತು.

ಆದರೆ ಪಾದರಸ ಎಲ್ಲ ಮೀನಿನಲ್ಲೂ ಒಂದೇ ಥರ ಇರುವುದಿಲ್ಲ. ಸಣ್ಣ ಮೀನನ್ನು ದೊಡ್ಡದು ತಿನ್ನುತ್ತದೆ, ಅದನ್ನು ಇನ್ನೂ ದೊಡ್ಡದು. ಮೇಲೆ ಹೋದಷ್ಟೂ, ವಯಸ್ಸಾದಷ್ಟೂ ಪಾದರಸ ಕೂಡುತ್ತದೆ. ಶಾರ್ಕ್, ಅಂದರೆ ನಮ್ಮ ತಾಟೆ, ದೊಡ್ಡ ದೊಡ್ಡ ಟ್ಯೂನಾ, ಇವುಗಳಲ್ಲಿ ಜಾಸ್ತಿ. ಬೂತಾಯಿ, ಬಂಗುಡೆ, ನಂಗ್, ಸಿಗಡಿ, ಇವು ಸಣ್ಣವು, ಬೇಗ ಬೆಳೆಯುವವು. ಇವುಗಳಲ್ಲಿ ತುಂಬ ಕಡಿಮೆ. ಬೂತಾಯಿಯಲ್ಲಿ ಮಗುವಿನ ಮೆದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಧಾರಾಳ. ಬಡವರ ಮೀನು ಅಂತ ಬದಿಗೆ ಸರಿಸುವ ಬೂತಾಯಿ ಬಸುರಿಗೆ ಅತಿ ಒಳ್ಳೆಯ ಮೀನು. ವಾರಕ್ಕೆ ಎರಡು ಮೂರು ಸಲ ತಿನ್ನಿ. ಪುಳಿಮುಂಚಿ ಮಾಡಿ ತಿನ್ನಿ. ದಕ್ಕೆಯಿಂದ ದೊಡ್ಡ ಅಂಜಲ್ ತಂದು ಬಸುರಿಗೆ ದಿನಾ ಕಾಯಿಸಿ ಕೊಡುವುದು ಪ್ರೀತಿಯೇ, ಆದರೆ ಅದು ಅಪರೂಪಕ್ಕೆ ಇರಲಿ. ಮೀನಿನ ಪಾದರಸ ಮೈಯಲ್ಲಿ ಅರ್ಧಕ್ಕೆ ಇಳಿಯಲು 50 ದಿನದ ಸುಮಾರು ಬೇಕು. ಹಾಗಾಗಿ ತಾಟೆ, ದೊಡ್ಡ ಟ್ಯೂನಾ ಬಿಡುವುದಿದ್ದರೆ ಗರ್ಭಕ್ಕೆ ಕೆಲವು ತಿಂಗಳು ಮೊದಲೇ ಬಿಡಬೇಕು.

ಪಾದರಸ ಮೀನಿಗಿಂತ ಹತ್ತಿರದಲ್ಲೂ ಇದೆ. ಮುಖ ಬೆಳ್ಳಗಾಗುವ ಕೆಲವು ಕ್ರೀಮುಗಳಲ್ಲಿ ಅದನ್ನು ಹಾಕುತ್ತಾರೆ. ಕೇರಳದ ಮಲಪ್ಪುರಂ ಕಡೆ 2023ರಲ್ಲಿ ಇಂಥ ಕ್ರೀಮ್ ಹಚ್ಚಿದವರ ಕಿಡ್ನಿಗೆ ತೊಂದರೆಯಾದದ್ದು ಡಾಕ್ಟರರು ಪತ್ತೆ ಮಾಡಿದರು. ಮೇಲೆ ತಯಾರಕರ ಹೆಸರು, ಒಳಗಿನ ಪದಾರ್ಥಗಳ ಪಟ್ಟಿ ಇಲ್ಲದ ಕ್ರೀಮ್ ಗಲ್ಫಿನಿಂದ ಯಾರೇ ತಂದುಕೊಟ್ಟರೂ ಎತ್ತಿಡಿ.

ತೋಟದ ಮದ್ದು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿ ಮಳೆಗೆ ಮೊದಲು ಹೊಡೆಯುವುದು ಎಲ್ಲರಿಗೂ ಗೊತ್ತು. ಅದರ ಜೊತೆ ಈಗ ಹುಳಕ್ಕೆ, ಹುಲ್ಲಿಗೆ ಅಂತ ಬೇರೆ ಬೇರೆ ಮದ್ದು ಬಂದಿವೆ. ಬಸುರಿ ತೋಟಕ್ಕೆ ಹೋಗುವುದಿಲ್ಲ, ಸರಿ. ಆದರೆ ಮದ್ದು ಹೊಡೆದ ಅಂಗಿ ಮನೆಗೆ ಬರುತ್ತದೆ. ಅದನ್ನು ಕಲ್ಲಿನ ಮೇಲೆ ಒಗೆಯುವವರು ಯಾರು? ಆ ಬಟ್ಟೆ ಹೊರಗೇ ಬಿಚ್ಚಿ, ಬೇರೆಯಾಗಿ, ಹೊಡೆದವರೇ ಒಗೆಯಲಿ. ಮಿಂದು ಬಂದು ಹೆಂಡತಿಯ ಹತ್ತಿರ ಕೂರಲಿ. ಮದ್ದಿನ ಖಾಲಿ ಬಾಟಲಿ ಅಡುಗೆ ಎಣ್ಣೆಗೆ, ಸೀಮೆಎಣ್ಣೆಗೆ ಬೇಡ.

ಈ ಕರಾವಳಿಯಲ್ಲಿ ನಿಂತು ಇಷ್ಟು ಹೇಳಿ ಮುಗಿಸಿದರೆ ತಪ್ಪಾಗುತ್ತದೆ. ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಹೆಂಗಸರು ಯಾವ ಬಟ್ಟೆ ಬೇರೆ ಒಗೆದಿದ್ದರೆ ಬಚಾವಾಗುತ್ತಿದ್ದರು? ಗೇರು ತೋಪಿನ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಗಡಿಯ ಆಚೆ ಕಾಸರಗೋಡಿನ ಪಡ್ರೆಯಲ್ಲೂ ಅದೇ. ಬಾವಿ, ತೊರೆ, ಬಟ್ಟೆ ಒಣಹಾಕಿದ ಅಂಗಳ, ಎಲ್ಲದರ ಮೇಲೂ ಬಿತ್ತು. ಕಾಸರಗೋಡಿನಲ್ಲಿ ಸ್ಥಳೀಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಇವರು ಇದನ್ನು ಬೆಳಕಿಗೆ ತರಲು ವರ್ಷಗಟ್ಟಲೆ ಹೋರಾಡಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನೇ ನಿಲ್ಲಿಸಿತು. ಎಂಡೋ ಸಂತ್ರಸ್ತರು ಅಂತ ಸರ್ಕಾರವೇ ಪಟ್ಟಿ ಮಾಡಿ ಮಾಸಾಶನ ಕೊಡುತ್ತಿದೆ. ಮಾತಾಡಲಾರದ, ಎದ್ದು ನಿಲ್ಲಲಾರದ ಮಕ್ಕಳು ದೊಡ್ಡವರಾದರು, ಅವರ ತಾಯಂದಿರು ಮುದುಕಿಯರಾದರು. ಆದ್ದರಿಂದ ಬಸುರಿಗೆ “ನೀನು ಜಾಗ್ರತೆ ಮಾಡು” ಅಂತ ಹೇಳುವುದು ಅರ್ಧ ಮಾತು. ನಿಮ್ಮ ವಾರ್ಡಿನಲ್ಲಿ ಕಸ ಸುಡುತ್ತಿದ್ದರೆ, ತೊರೆಗೆ ಕೊಳಕು ಬಿಡುತ್ತಿದ್ದರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅದೂ ಗರ್ಭಿಣಿ ಆರೈಕೆಯೇ.

ಸೊಳ್ಳೆ ಕಾಯಿಲ್ ಬಗ್ಗೆ ಚುಟುಕಾಗಿ. ಒಂದು ಕಾಯಿಲ್ ಉರಿದು ಮುಗಿಯುವಾಗ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಗಾಳಿಗೆ ಸೇರುತ್ತದೆ ಅಂತ 2003ರ ಒಂದು ಅಧ್ಯಯನ ಅಳೆದು ನೋಡಿದೆ. ಹಾಗಂತ ಸೊಳ್ಳೆ ಕಚ್ಚಿಸಿಕೊಳ್ಳಬೇಡಿ. ಮಂಗಳೂರಿನವರಿಗೆ ಮಲೇರಿಯಾ ಏನು ಅಂತ ಹೇಳಬೇಕಾಗಿಲ್ಲ, ಬಸುರಿಗೆ ಅದು ತುಂಬ ಅಪಾಯ. ಪರದೆ ಕಟ್ಟಿ ಮಲಗಿ. ಕಿಟಕಿಗೆ ಜಾಲರಿ ಹಾಕಿಸಿ. ಹೋಟೆಲಿನಿಂದ ಕುದಿಯುವ ಸಾಂಬಾರು ತರುವಾಗ ತೊಟ್ಟೆ ಬೇಡ, ಸ್ಟೀಲ್ ತೂಕು ಪಾತ್ರೆ ಕೊಂಡುಹೋಗಿ. ಬಿಸಿಗೆ ಪ್ಲಾಸ್ಟಿಕ್ಕಿನ ರಾಸಾಯನಿಕ ಬಿಡುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಎಂದೆ. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಒಬ್ಬಳು ಹುಡುಗಿ ಎದ್ದಳು. “ಸಿಸ್ಟರ್, ನನಗೆ ಈಗ ಐದು ತಿಂಗಳು. ಬೀಡಿ ಕಟ್ಟುತ್ತೇನೆ. ಮೊದಲೇ ಮಾಡಬೇಕಿತ್ತು ಅಂತ ಹೇಳಿದ್ರಲ್ಲ. ತಡ ಆಯ್ತಾ?”

ಅವಳ ಮುಖ ನೋಡಿ ನಾನು ಮೊದಲು ಹೇಳಬೇಕಾದದ್ದನ್ನು ಕೊನೆಗೆ ಉಳಿಸಿಕೊಂಡೆ ಅನಿಸಿತು. ತಡ ಆಗಿಲ್ಲ ಮಗಾ. ಅಡಿಪಾಯ ಬಿದ್ದಿದೆ, ಮನೆ ಇನ್ನೂ ಕಟ್ಟುತ್ತಿದೆ. ಮೆದುಳು ಹೆರಿಗೆಯ ದಿನದವರೆಗೂ, ಆಮೇಲೂ ಬೆಳೆಯುತ್ತದೆ. ಶ್ವಾಸಕೋಶ ಬಲಿಯುವುದು, ತೂಕ ಏರುವುದು ಎಲ್ಲ ಇನ್ನು ಮುಂದೆಯೇ. ಇವತ್ತು ಕೈ ತೊಳೆದರೆ ನಾಡಿದ್ದಿಗೆ ನಿನ್ನ ರಕ್ತದಲ್ಲಿ ನಿಕೋಟಿನ್ ಇಳಿದಿರುತ್ತದೆ. ಬಹಳ ಮಕ್ಕಳು ಇದೆಲ್ಲದರ ನಡುವೆಯೂ ಚೆನ್ನಾಗಿಯೇ ಹುಟ್ಟುತ್ತವೆ. ಹೆದರಿ ನಿದ್ದೆ ಬಿಡಬೇಡ.

ಅವಳ ಪಕ್ಕದಲ್ಲಿ ಕೂತ ಅತ್ತೆ ಎದ್ದರು. ಹೊಗೆಸೊಪ್ಪಿನ ಕಟ್ಟು ಇವಳು ಮಲಗುವ ಕೋಣೆಯಲ್ಲೇ ಇದೆ, ಬೇರೆ ಕಡೆ ಮಳೆಗೆ ತೇವ ಹಿಡಿಯುತ್ತದೆ, ಎಲ್ಲಿ ಇಡುವುದು ಎಂದರು. ಗಟ್ಟಿ ಮುಚ್ಚಳ ಇರುವ ಡಬ್ಬದಲ್ಲಿ ಹಾಕಿ ಜಗಲಿಯಲ್ಲಿ ಇಡಿ ಎಂದೆ.

“ಹಳೆಯ ಅಕ್ಕಿ ಡಬ್ಬ ಒಂದುಂಟು, ಆಗ್ತದಾ?”

“ಆಗ್ತದೆ ಅಕ್ಕ. ಅದಕ್ಕೆ ಮತ್ತೆ ಅಕ್ಕಿ ಮಾತ್ರ ಹಾಕಬೇಡಿ.”